ಟೊಳ್ಳಾದರೂ ಗಟ್ಟಿ

70 ಕೆ.ಜಿ. ತೂಗುವ ಮರದ ಹಲಗೆಯನ್ನು ಕಡಲಿಗೆ ಇಳಿಸಬೇಕೆಂದರೆ ಒಂದೋ ನೀವು ಅರಸರಾಗಿರಬೇಕು, ಇಲ್ಲವೇ ಹೊತ್ತು ತರಲು ಆಳುಗಳಿರಬೇಕು. ಹಳೆಯ ಹವಾಯಿಯಲ್ಲಿ ಎರಡೂ ಒಂದೇ ಕಡೆ ಇದ್ದವು. ‘ಓಲೊ’ ಎಂಬ ಉದ್ದನೆಯ, ದಪ್ಪನೆಯ ಸರ್ಫಿಂಗ್ ಹಲಗೆ ಅಲ್ಲಿ ಮುಖಂಡರ ಮನೆತನಗಳಿಗೆ ಮೀಸಲು. ಊರ ಮಂದಿಗೆಲ್ಲ ತೆಳ್ಳನೆಯ, ಗಿಡ್ಡನೆಯ ‘ಅಲಾಯ’. ಓಲೊಗೆ ವಿಲಿವಿಲಿ ಎಂಬ ಹಗುರ ಮರಕ್ಕೆ ಬೇಡಿಕೆ ಹೆಚ್ಚು. ನಮ್ಮ ಕಾಫಿ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ದಾಯಾದಿ ಅದು. ಅಲಾಯಕ್ಕೆ ಕೋವಾ ಮರದ ಜೊತೆ ‘ಉಲು’ ಮರವೂ ಆಗುತ್ತಿತ್ತು. ಉಲು ಎಂದರೆ ಬೇರೇನಲ್ಲ, ಮಂಗಳೂರು ಕಡೆಯವರು ಪೋಡಿ ಕರಿದು ತಿನ್ನುವ ಜೀಗುಜ್ಜೆ.

ಅಬ್ನರ್ ಪಾಕಿ ಎಂಬ ಮುಖಂಡನಿಗೆ ಸೇರಿದ್ದ ಅಂಥ ಎರಡು ಭಾರೀ ಹಲಗೆಗಳು ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿವೆ. 1920ರ ದಶಕದಲ್ಲಿ ಅವುಗಳನ್ನು ಕೇಳುವವರಿರಲಿಲ್ಲ. ಒರೆಸಿ, ಕೆರೆದು, ಮೊದಲಿನ ಸ್ಥಿತಿಗೆ ತರುವ ಕೆಲಸವನ್ನು ವಹಿಸಿಕೊಂಡವನು ಟಾಮ್ ಬ್ಲೇಕ್ ಎಂಬ ತರುಣ. ಅವನು ಅರಸು ಮನೆಯವನೂ ಅಲ್ಲ, ಕಡಲಂಚಿನವನೂ ಅಲ್ಲ. ಅಮೆರಿಕದ ಒಳನಾಡಿನ ಮಿಲ್ವಾಕಿಯಲ್ಲಿ 1902ರಲ್ಲಿ ಹುಟ್ಟಿದವನು. ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದವನು. 1920ರಲ್ಲಿ ಡೆಟ್ರಾಯ್ಟ್‌ನ ಸಿನಿಮಾ ಮಂದಿರವೊಂದರ ಹಜಾರದಲ್ಲಿ ಹವಾಯಿಯ ಒಲಿಂಪಿಕ್ ಈಜುಗಾರ ಡ್ಯೂಕ್ ಕಹನಮೊಕು ಎದುರಾದಾಗ ಈ ಹುಡುಗ ಮುಂದೆ ಹೋಗಿ ಕೈ ಕುಲುಕಿದ. ಮುಂದಿನ ಕೆಲವೇ ವರ್ಷಗಳಲ್ಲಿ ಅವನ ಬದುಕು ಹವಾಯಿ ಮತ್ತು ಕ್ಯಾಲಿಫೋರ್ನಿಯಾದ ತೀರಗಳ ನಡುವೆ ಓಡಾಡತೊಡಗಿತ್ತು.

ಪಾಕಿಯ ಹಲಗೆಗಳನ್ನು ಕೈಯಾರೆ ಉಜ್ಜಿದ ಬ್ಲೇಕ್‌ಗೆ ಅವುಗಳ ಆಕಾರ ಬಹಳ ಹಿಡಿಸಿತು, ತೂಕ ಹಿಡಿಸಲಿಲ್ಲ. 1926ರಲ್ಲಿ ಅವನು ಸುಮಾರು 16 ಅಡಿ ಉದ್ದದ ರೆಡ್‌ವುಡ್ ದಿಮ್ಮಿಯೊಂದನ್ನು ತಂದು ಅದರ ಮೇಲಿಂದ ಕೆಳಗಿನವರೆಗೆ ನೂರಾರು ತೂತು ಕೊರೆದ. ಒಂದು ತಿಂಗಳು ಒಣಗಲು ಬಿಟ್ಟ. ಆಮೇಲೆ ಮೇಲೂ ಕೆಳಗೂ ತೆಳುವಾದ ಮರದ ಹಾಳೆ ಹೊದಿಸಿ ತೂತುಗಳನ್ನೆಲ್ಲ ಮುಚ್ಚಿಬಿಟ್ಟ. ತೂಕ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ.ಗೆ ಇಳಿಯಿತು. ಇಂದಿನ ಲೆಕ್ಕದಲ್ಲಿ ಅದೂ ಹೊರಲಾರದ ಭಾರವೇ. ಆದರೆ ಹಲಗೆಯ ಹೊಟ್ಟೆಯಲ್ಲಿರುವ ಮರದಿಂದ ಹೆಚ್ಚಿನ ಉಪಕಾರವಿಲ್ಲ ಎಂಬುದು ಅದರಿಂದ ಖಚಿತವಾಯಿತು.

ಯಾಕೆ ಉಪಕಾರವಿಲ್ಲ? ಹಲಗೆಯ ಮೇಲೆ ಮನುಷ್ಯ ನಿಂತಾಗ ಅದು ಬಾಗಲು ನೋಡುತ್ತದೆ. ಬಾಗುವ ವಸ್ತುವಿನ ಒಂದು ಮೈ ಹಿಗ್ಗುತ್ತದೆ, ಇನ್ನೊಂದು ಮೈ ಕುಗ್ಗುತ್ತದೆ. ಎಳೆತ ಮತ್ತು ಒತ್ತಡವೆಲ್ಲ ಈ ಎರಡು ಮೈಗಳ ಹತ್ತಿರವೇ ಇರುತ್ತದೆ. ನಟ್ಟ ನಡುವೆ ಹೆಚ್ಚುಕಡಿಮೆ ಏನೂ ಇಲ್ಲ. ಮೇಲಿನ ಹಾಳೆ ಮತ್ತು ಕೆಳಗಿನ ಹಾಳೆ ಒಂದನ್ನೊಂದು ಬಿಟ್ಟು ಸರಿಯದಂತೆ, ಒಂದರ ಮೇಲೊಂದು ಕುಸಿಯದಂತೆ ಹಿಡಿದರೆ ಸಾಕು, ನಡುವೆ ಗಾಳಿ ಇದ್ದರೂ ನಡೆಯುತ್ತದೆ. ವಿಮಾನದ ರೆಕ್ಕೆ ನಿಂತಿರುವುದೂ ಇದೇ ನಂಬಿಕೆಯ ಮೇಲೆ. ತೂತು ಕೊರೆಯುವ ಗೊಡವೆ ಬಿಟ್ಟ ಬ್ಲೇಕ್ ಅಡ್ಡಪಟ್ಟಿಗಳ ಚೌಕಟ್ಟು ಕಟ್ಟಿ ಅದರ ಮೇಲೆ ತೆಳು ಹಲಗೆ ಹೊದಿಸುವ ವಿಧಾನಕ್ಕೆ ಬಂದ. 1931ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, 1932ರಲ್ಲಿ ಸಿಕ್ಕಿತು. ದಾಖಲೆಯಲ್ಲಿ ಅದರ ಹೆಸರು ‘ವಾಟರ್ ಸ್ಲೆಡ್’. ಅಷ್ಟರಲ್ಲಾಗಲೇ, 1928ರಲ್ಲಿ, ಕ್ಯಾಲಿಫೋರ್ನಿಯಾದ ಕೊರೊನಾ ಡೆಲ್ ಮಾರ್‌ನಲ್ಲಿ ನಡೆದ ಪೆಸಿಫಿಕ್ ತೀರದ ಸರ್ಫಿಂಗ್ ಸ್ಪರ್ಧೆಯನ್ನು ಅವನು ಗೆದ್ದಾಗಿತ್ತು. 1935ರಲ್ಲಿ ಯಾರೋ ಬಿಸಾಡಿದ್ದ ಮೋಟಾರು ದೋಣಿಯ ಅಡಿಯ ಲೋಹದ ಪಟ್ಟಿಯನ್ನು ತನ್ನ ಹಲಗೆಯ ಬಾಲಕ್ಕೆ ಜೋಡಿಸಿದ. ಇಂದು ಬಹುತೇಕ ಎಲ್ಲ ಸರ್ಫ್‌ಬೋರ್ಡ್‌ಗಳಲ್ಲೂ ಕಾಣುವ ‘ಫಿನ್’, ಅಂದರೆ ರೆಕ್ಕೆ, ಅಲ್ಲಿಂದ ಶುರುವಾಯಿತು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1937ರ ಸಂಗತಿ. ಆ ವರ್ಷ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಬ್ಲೇಕ್‌ನ ಟೊಳ್ಳು ಹಲಗೆ ಮಾಡುವ ಬಗೆಯನ್ನು ನಕ್ಷೆ ಸಮೇತ ಅಚ್ಚು ಹಾಕಿತು. ಗರಗಸ ಹಿಡಿಯಬಲ್ಲ ಯಾರು ಬೇಕಾದರೂ ಮನೆಯ ಹಿತ್ತಲಲ್ಲಿ ಸರ್ಫ್‌ಬೋರ್ಡ್ ಕಟ್ಟಬಹುದಾಯಿತು. ದೊಡ್ಡ ದಿಮ್ಮಿ ಬೇಡ, ಅದನ್ನು ಕೆತ್ತುವ ನುರಿತ ಕೈ ಬೇಡ. ತೆಳು ಹಲಗೆ, ಒಂದಿಷ್ಟು ಸ್ಕ್ರೂ, ಅಂಟು, ವಾರ್ನಿಶ್ ಇದ್ದರಾಯಿತು. ಅರಸರ ಸೊತ್ತು ಗ್ಯಾರೇಜಿನ ಸೊತ್ತಾದದ್ದು ಹೀಗೆ.

ಆ ಹಲಗೆಗಳೇನೂ ಪರಿಪೂರ್ಣವಾಗಿರಲಿಲ್ಲ. ಅಂಚುಗಳು ಪೆಟ್ಟಿಗೆಯಂತೆ ಚೌಕಾಕಾರ. ತಿರುಗಿಸಹೊರಟರೆ ಬಾಲ ಜಾರಿ ಅಡ್ಡಡ್ಡ ಹೋಗುತ್ತಿತ್ತು. ಅಂದಿನ ಅಂಟುಗಳಿಗೆ ಉಪ್ಪುನೀರು ತಡೆಯುವ ತಾಕತ್ತು ಕಡಿಮೆ. ಸಂದುಗಳಲ್ಲಿ ನೀರು ಜಿನುಗುತ್ತಿತ್ತು. ಅದನ್ನು ಬಸಿಯಲೆಂದೇ ಹಲಗೆಗೊಂದು ಬಿರಡೆ. ಅಲೆಗಾರರು ಈ ಹಲಗೆಗೆ ‘ಸಿಗಾರ್ ಪೆಟ್ಟಿಗೆ’ ಎಂದು ಅಡ್ಡಹೆಸರಿಟ್ಟರು. ಎರಡನೇ ಮಹಾಯುದ್ಧದ ಬಳಿಕ ಫೈಬರ್‌ಗ್ಲಾಸ್ ಮತ್ತು ರೆಸಿನ್ ಬಂದವು, ಬಾಲ್ಸಾ ಮರದ ಬಳಕೆ ಹೆಚ್ಚಿತು; 1950ರ ದಶಕದ ಕೊನೆಗೆ ಪಾಲಿಯುರೆಥೇನ್ ಫೋಮ್ ಬಂದ ಮೇಲೆ ಮರದ ಕಥೆಯೇ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಒಬ್ಬ ಕೆಲಸಗಾರ ಒಂದೇ ದಿನದಲ್ಲಿ ಹಲವು ಫೋಮ್ ಹಲಗೆಗಳಿಗೆ ಆಕಾರ ಕೊಡಬಲ್ಲ. ಮರಕ್ಕೆ ಆ ವೇಗ ಎಲ್ಲಿಂದ ಬರಬೇಕು?

ಮತ್ತೆ ಮರದ ನೆನಪಾದದ್ದು 2005ರ ಡಿಸೆಂಬರ್ 5ರಂದು. ಅಮೆರಿಕದ ಸರ್ಫಿಂಗ್ ಉದ್ಯಮಕ್ಕೆ ಹೆಚ್ಚಿನ ಪಾಲು ಫೋಮ್ ಅಚ್ಚುಗಳನ್ನು ಪೂರೈಸುತ್ತಿದ್ದ ಕ್ಲಾರ್ಕ್ ಫೋಮ್ ಕಂಪನಿಯನ್ನು ಅದರ ಒಡೆಯ ಗಾರ್ಡನ್ ಕ್ಲಾರ್ಕ್ ಹೇಳದೆ ಕೇಳದೆ ಮುಚ್ಚಿಬಿಟ್ಟ. ಸೋಮವಾರ ಬೆಳಗಾಗುವಷ್ಟರಲ್ಲಿ ಹಲಗೆ ಮಾಡುವವರ ಕೈ ಬರಿದಾಯಿತು. ಫೋಮ್ ಬೇರೆ ಕಡೆಗಳಿಂದ ಬೇಗನೇ ಬಂತೆನ್ನಿ. ಆದರೆ ಆ ನಡುವೆ, ಕೊಂಡು ತರುವ ಅಚ್ಚಿನ ಹಂಗಿಲ್ಲದೆ ಹಲಗೆ ಮಾಡಲಾಗದೇ ಎಂಬ ಪ್ರಶ್ನೆಗೆ ಕಿವಿಗೊಡುವವರು ಸಿಕ್ಕಿದರು. ಅದೇ ವರ್ಷ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಶುರುವಾದ ಗ್ರೇನ್ ಸರ್ಫ್‌ಬೋರ್ಡ್ಸ್, ದೋಣಿ ಕಟ್ಟುವವರ ತಂತ್ರವನ್ನು ಸರ್ಫ್‌ಬೋರ್ಡಿಗೆ ಒಗ್ಗಿಸಿತು. ಸಿದ್ಧ ಹಲಗೆ ಮಾರುವುದರ ಜೊತೆಗೆ ಕತ್ತರಿಸಿದ ಮರದ ಬಿಡಿಭಾಗಗಳ ಕಿಟ್ ಮಾರಿತು, ಕಟ್ಟುವುದನ್ನು ಕಲಿಸುವ ತರಗತಿಗಳನ್ನೂ ನಡೆಸಿತು.

ಫೋಮ್ ಹಲಗೆಗೂ ಟೊಳ್ಳು ಹಲಗೆಗೂ ಇರುವ ವ್ಯತ್ಯಾಸ ಬರೀ ಸಾಮಗ್ರಿಯದಲ್ಲ, ಯೋಚನೆಯ ಕ್ರಮದ್ದು. ಫೋಮ್ ಕೆತ್ತುವವನು ಶಿಲ್ಪಿಯ ಹಾಗೆ ಬೇಡದ್ದನ್ನು ತೆಗೆಯುತ್ತ ಹೋಗುತ್ತಾನೆ. ಕೈಯಲ್ಲಿ ಉಜ್ಜುತ್ತ, ಬೆಳಕಿನ ಓರೆಯಲ್ಲಿ ನೋಡುತ್ತ, ನಡುದಾರಿಯಲ್ಲಿ ಮನಸ್ಸು ಬದಲಿಸಬಹುದು. ಟೊಳ್ಳು ಹಲಗೆಯಲ್ಲಿ ಆ ಸೌಕರ್ಯವಿಲ್ಲ. ಹೊದಿಕೆಯ ದಪ್ಪ ಬರೀ 5-6 ಮಿ.ಮೀ.; ಅಂತಿಮ ಆಕಾರ ಏನೆಂಬುದು ಮೊದಲ ದಿನದ ಕಾಗದದ ಮೇಲೇ ಇತ್ಯರ್ಥವಾಗಬೇಕು. ಆಮೇಲೆ ಕೀಸುಳಿ ಹಿಡಿದು ತಿದ್ದಲು ಹೋದರೆ ಮರದಾಚೆ ಗಾಳಿ ಕಾಣಿಸುತ್ತದೆ. ಹಾಗಾಗಿ ನನ್ನ ಪ್ರಕಾರ ಇದು ಕೆತ್ತನೆಯವರ ಕೆಲಸವಲ್ಲ, ಲೆಕ್ಕ ಹಾಕಿ ಕಟ್ಟುವವರ ಕೆಲಸ. ಮನೆಯಲ್ಲಿ ಮಾಡುವವರಿಗೆ ಇದೇ ಅನುಕೂಲ. ಕೈಗೆ ವರ್ಷಗಳ ಪಳಗಿಕೆ ಬೇಕಿಲ್ಲ, ತಾಳ್ಮೆ ಬೇಕು. ಮೊದಲ ಹಲಗೆಗೆ ನೂರು ಗಂಟೆ ತೆಗೆದಿಟ್ಟುಕೊಂಡು ಕೂರುವುದು ಒಳ್ಳೆಯದು.

ಒಂದು 9 ಅಡಿಯ ಲಾಂಗ್‌ಬೋರ್ಡನ್ನೇ ತೆಗೆದುಕೊಳ್ಳೋಣ. ಅದರ ಗಾತ್ರ ಸುಮಾರು 70 ಲೀಟರ್. ಘನ ಮೀಟರಿಗೆ 370 ಕೆ.ಜಿ. ತೂಗುವ ವೆಸ್ಟರ್ನ್ ರೆಡ್ ಸೀಡರ್ ಮರದಲ್ಲಿ ಇಡಿಯಾಗಿ ಕೆತ್ತಿದರೆ 26 ಕೆ.ಜಿ. ಆಗುತ್ತದೆ. ಟೊಳ್ಳು ಮಾಡಿದರೆ? ಮೇಲು-ಕೆಳಗಿನ ಹೊದಿಕೆಗೆ ಸುಮಾರು ಐದೂವರೆ ಕೆ.ಜಿ., ಅಂಚುಗಳಿಗೆ ಎರಡು ಎರಡೂವರೆ, ಒಳಗಿನ ಚೌಕಟ್ಟಿಗೆ ಒಂದು, ಹೊರಗಿನ ಫೈಬರ್‌ಗ್ಲಾಸ್ ಮತ್ತು ಎಪಾಕ್ಸಿಗೆ ಎರಡು. ಒಟ್ಟು 11ರ ಹತ್ತಿರ. ಅದೇ ಅಳತೆಯ ಫೋಮ್ ಹಲಗೆಗಿಂತ ಇದು ಮೂರ್ನಾಲ್ಕು ಕೆ.ಜಿ. ಹೆಚ್ಚು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಟೊಳ್ಳು ಮರದ ಹಲಗೆ ಫೋಮಿನಷ್ಟು ಹಗುರವಾಗುವುದು ಬಹಳ ಅಪರೂಪ.

ಮೊದಲು ನಕ್ಷೆ. ಬೋರ್ಡ್‌ಕ್ಯಾಡ್‌ನಂಥ ಉಚಿತ ತಂತ್ರಾಂಶಗಳು ಹಲಗೆಯ ಆಕಾರ ಕೊಟ್ಟರೆ ಒಳಗಿನ ಒಂದೊಂದು ಅಡ್ಡಪಟ್ಟಿಯ ಅಳತೆಯನ್ನೂ ತೆಗೆದುಕೊಡುತ್ತವೆ. ಅವುಗಳನ್ನು ಪೂರ್ತಿ ಅಳತೆಯಲ್ಲಿ ಮುದ್ರಿಸಿ, ಪ್ಲೈವುಡ್ ಮೇಲೆ ಅಂಟಿಸಿ, ಜಿಗ್ ಸಾದಲ್ಲಿ ಕತ್ತರಿಸಬೇಕು. ಉದ್ದಕ್ಕೆ ಒಂದು ಬೆನ್ನೆಲುಬು, ಅಡ್ಡಕ್ಕೆ 8ರಿಂದ 12 ಇಂಚಿಗೊಂದು ಪಕ್ಕೆಲುಬು. ಒಂದರೊಳಗೊಂದು ಕಚ್ಚಿಕೊಳ್ಳಲು ಅರ್ಧರ್ಧ ಸೀಳು. ಜೋಡಿಸಿ ನಿಲ್ಲಿಸಿದರೆ ಬಂಗುಡೆ ತಿಂದು ತಟ್ಟೆಯಂಚಿಗೆ ಸರಿಸಿಟ್ಟ ಮುಳ್ಳಿನಂತೆ ಕಾಣುತ್ತದೆ. ಹೊಸಬರು ಎಡವುವುದು ಒಂದು ಸಣ್ಣ ಕಳೆಯುವ ಲೆಕ್ಕದಲ್ಲಿ. ಹಲಗೆಯ ದಪ್ಪ 70 ಮಿ.ಮೀ. ಬೇಕೆಂದರೆ ಬೆನ್ನೆಲುಬಿನ ಎತ್ತರ 70 ಅಲ್ಲ. ಮೇಲೆ 6, ಕೆಳಗೆ 6 ಹೊದಿಕೆ ಕಳೆದು 58. ತುದಿಗಳಲ್ಲಿ ಹಲಗೆ ತೆಳ್ಳಗಾದಂತೆ ಈ 12 ಮಿ.ಮೀ. ದೊಡ್ಡ ಪಾಲಾಗುತ್ತ ಹೋಗುತ್ತದೆ. ಮೂತಿಯ ಹತ್ತಿರ ಬೆನ್ನೆಲುಬಿಗೆ ಜಾಗವೇ ಉಳಿಯುವುದಿಲ್ಲ. ಅಲ್ಲಿ ಇಡೀ ಮರದ ತುಂಡು ಕೂರಿಸುತ್ತಾರೆ. ಬಾಲಕ್ಕೂ ಅಷ್ಟೇ. ಫಿನ್ ಕೂರುವ ಕಡೆ, ಕಾಲಿನ ಹಗ್ಗ ಕಟ್ಟುವ ಕಡೆ ಒಳಗೇ ದಿಮ್ಮಿ ಇಟ್ಟಿರಬೇಕು. ಮೇಲ್ಹೊದಿಕೆ ಮುಚ್ಚಿದ ಮೇಲೆ ನೆನಪಾದರೆ ಕೆಲಸ ಕೆಟ್ಟಿತು.

ಪಕ್ಕೆಲುಬುಗಳಲ್ಲಿ ಕೊರೆಯುವ ದೊಡ್ಡ ದೊಡ್ಡ ತೂತುಗಳು ತೂಕ ಇಳಿಸುವುದಕ್ಕೆ ಎಂದು ಎಲ್ಲರಿಗೂ ಗೊತ್ತು. ಇನ್ನೊಂದು ಕೆಲಸವೂ ಅವುಗಳಿಗಿದೆ: ಒಂದು ಖಾನೆಯ ಗಾಳಿ ಇನ್ನೊಂದು ಖಾನೆಗೆ ಹೋಗುವ ದಾರಿ ಅವು. ಒಂದೇ ಒಂದು ಖಾನೆ ಪ್ರತ್ಯೇಕವಾಗಿ ಮುಚ್ಚಿಹೋದರೂ ಅದು ಮುಂದೆ ತಂಟೆ ಕೊಡುತ್ತದೆ. ಯಾಕೆಂಬುದಕ್ಕೆ ಆಮೇಲೆ ಬರುತ್ತೇನೆ.

ಹೊದಿಕೆಗೆ 3-4 ಇಂಚು ಅಗಲದ ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ ಅಗಲದ ಹಾಳೆ ಮಾಡಿಕೊಳ್ಳುತ್ತಾರೆ. ಒಂದೇ ಹಲಗೆಯನ್ನು ಸೀಳಿ ಪುಸ್ತಕದ ಹಾಳೆ ತೆರೆದಂತೆ ಎಡಬಲಕ್ಕೆ ಇಟ್ಟರೆ ನಾರಿನ ಗೆರೆಗಳು ಎರಡೂ ಕಡೆ ಸಮನಾಗಿ ಬರುತ್ತವೆ. ನೋಡಲು ಚೆಂದ, ಎರಡೂ ಪಕ್ಕ ಸಮನಾಗಿ ಬಾಗಲೂ ಅನುಕೂಲ. ಕೆಳಹೊದಿಕೆಯನ್ನು ಹಲಗೆಯ ಉದ್ದದ ಬಾಗಿಗೆ ತಕ್ಕಂತೆ ಕಟ್ಟಿದ ಮೇಜಿನ ಮೇಲೆ ಹಾಸಿ, ಅಸ್ಥಿಪಂಜರವನ್ನು ಅದರ ಮೇಲೆ ಎಪಾಕ್ಸಿಯಿಂದ ಕೂರಿಸಿ, ತೂಕ ಹೇರಿ ರಾತ್ರಿ ಬಿಡಬೇಕು.

ಕೈಕೆಲಸದ ನಿಜವಾದ ರುಚಿ ಇರುವುದು ಅಂಚುಗಳಲ್ಲಿ, ಅಂದರೆ ‘ರೇಲ್’ಗಳಲ್ಲಿ. ಒಂದು ವಿಧಾನ ನೋಡಿ. ಕಾಲಿಂಚು ದಪ್ಪ, ಮುಕ್ಕಾಲಿಂಚು ಅಗಲದ ಉದ್ದನೆಯ ರೀಪುಗಳು. ಒಂದು ಅಂಚಿಗೆ ರೂಟರ್‌ನಿಂದ ಉಬ್ಬು, ಇನ್ನೊಂದು ಅಂಚಿಗೆ ತಗ್ಗು. ಕೆಳಗಿನ ಪಟ್ಟಿಯ ತಗ್ಗಿನೊಳಗೆ ಮೇಲಿನ ಪಟ್ಟಿಯ ಉಬ್ಬು ಕೂರುತ್ತದೆ. ಹೀಗಾಗಿ ಪಟ್ಟಿಯನ್ನು ಸ್ವಲ್ಪ ಓರೆ ಮಾಡಿದರೂ ಸಂದು ಬಿಡುವುದಿಲ್ಲ. ಒಂದರ ಮೇಲೊಂದು ಏರಿಸುತ್ತ, ಪ್ರತಿಯೊಂದನ್ನೂ ಒಂದಿಷ್ಟು ಒಳಕ್ಕೆ ವಾಲಿಸುತ್ತ ಹೋದರೆ ಗುಂಡನೆಯ ಅಂಚು ಮೂಡುತ್ತದೆ. ಪಟ್ಟಿ ನಡುಭಾಗದಲ್ಲಿ ಮಾತು ಕೇಳುತ್ತದೆ, ಮೂತಿಯ ಹತ್ತಿರ ಬಂದಾಗ ಹಟ ಹಿಡಿಯುತ್ತದೆ. ಅಲ್ಲಿ ಅದು ಏಕಕಾಲಕ್ಕೆ ಒಳಕ್ಕೂ ಮೇಲಕ್ಕೂ ಬಾಗಿ, ತನ್ನ ಉದ್ದಕ್ಕೆ ತಿರುಚಿಕೊಳ್ಳಬೇಕು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ, ಇಲ್ಲವೇ ಹೀಟ್ ಗನ್ ಹಿಡಿದರೆ ನಾರು ಸಡಿಲವಾಗುತ್ತದೆ. ಆಗ ಎರಡೂ ಕೈಯಲ್ಲಿ ನಿಧಾನವಾಗಿ ಬಗ್ಗಿಸಬೇಕು. ಗಂಟಿರುವ ಪಟ್ಟಿಯಾದರೆ ಟಪ್ ಎಂದು ಅಲ್ಲೇ ಮುರಿಯುತ್ತದೆ.

ಇದಕ್ಕೆ ಡಜನ್‌ಗಟ್ಟಲೆ ಕ್ಲ್ಯಾಂಪ್ ಬೇಕು. ಅಂಗಡಿಯಲ್ಲಿ ಕೊಂಡರೆ ಮರದ ದುಡ್ಡನ್ನೂ ಮೀರುತ್ತದೆ. ಮನೆಯಲ್ಲಿ ಕಟ್ಟುವವರು ಕಂಡುಕೊಂಡ ಉಪಾಯ ಎಷ್ಟು ಸರಳವೆಂದರೆ, ಪ್ಲಂಬಿಂಗಿನ ದಪ್ಪ ಪಿವಿಸಿ ಪೈಪನ್ನು ಬಳೆಗಳಂತೆ ಕತ್ತರಿಸಿ ಒಂದು ಕಡೆ ಸೀಳುತ್ತಾರೆ. ಬಾಯಿ ಅಗಲಿಸಿ ಪಟ್ಟಿಗೆ ಸಿಕ್ಕಿಸಿದರೆ ತಾನಾಗಿ ಕಚ್ಚಿ ಹಿಡಿಯುತ್ತದೆ. ಒಂದು ಪೈಪಿನಿಂದ ಹತ್ತಾರು ಕ್ಲ್ಯಾಂಪ್. ಪ್ರತಿ ಪಟ್ಟಿಯ ಅಂಟು ಒಣಗಲು ಬಿಡಬೇಕಾದ್ದರಿಂದ ದಿನಕ್ಕೆ ಪಕ್ಕಕ್ಕೊಂದೋ ಎರಡೋ ಪಟ್ಟಿ ಏರುತ್ತವೆ, ಅಷ್ಟೇ. ಕಚೇರಿ ಮುಗಿಸಿ ಬಂದು ಅರ್ಧ ಗಂಟೆ ಕೆಲಸ ಮಾಡಿ ಕೈ ತೊಳೆಯುವವರಿಗೆ ಹೇಳಿ ಮಾಡಿಸಿದ ವೇಳಾಪಟ್ಟಿ.

ಇನ್ನು ಮುಚ್ಚುವ ದಿನ. ಮೇಲ್ಹೊದಿಕೆ ಕೂತ ಮೇಲೆ ಒಳಗನ್ನು ಯಾರೂ ನೋಡುವಂತಿಲ್ಲ. ಅದಕ್ಕೇ ಮೊದಲು ಒಳಮೈಗೆಲ್ಲ ತೆಳುವಾಗಿ ಎಪಾಕ್ಸಿ ಬಳಿದು ಮರಕ್ಕೆ ನೀರು ಹಿಡಿಯದಂತೆ ಮಾಡಬೇಕು. ಅಂಟಿಲ್ಲದೆ ಒಮ್ಮೆ ಎಲ್ಲವನ್ನೂ ಕಟ್ಟಿ ನೋಡಬೇಕು. ಎಪಾಕ್ಸಿ ಕಲಸಿದ ಮೇಲೆ ನಮ್ಮ ಸೆಕೆಯಲ್ಲಿ ಕೈಗೆ ಸಿಗುವುದು ಇಪ್ಪತ್ತು ನಿಮಿಷವೋ ಏನೋ. ಆಮೇಲೆ ಪಾತ್ರೆಯಲ್ಲೇ ಬಿಸಿಯೇರಿ ಗಟ್ಟಿಯಾಗುತ್ತದೆ. ಅದನ್ನು ಆಳವಾದ ಡಬ್ಬದಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿದುಕೊಂಡರೆ ಶಾಖ ಹರಡಿ ಇನ್ನೂ ಕೆಲವು ನಿಮಿಷ ಗಿಟ್ಟುತ್ತದೆ. ಮರದ ನಯಪುಡಿ ಬೆರೆಸಿ ಮಂದ ಮಾಡಿಕೊಂಡ ಎಪಾಕ್ಸಿಯನ್ನು ಪ್ರತಿ ಪಕ್ಕೆಲುಬಿನ ನೆತ್ತಿಗೂ ಸಾಲಾಗಿ ಹಚ್ಚಿ, ಹೊದಿಕೆ ಇಟ್ಟು, ಲಾರಿ ಸಾಮಾನು ಬಿಗಿಯುವ ಪಟ್ಟಿಗಳಿಂದ ಸುತ್ತ ಬಿಗಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಮನೆಯವರನ್ನೋ ಪಕ್ಕದ ಮನೆಯವರನ್ನೋ ಕರೆಯಲೇಬೇಕಾದ ಹಂತ ಇದೊಂದೇ.

ಒಂದು ಸಣ್ಣ ಹಿತ್ತಾಳೆ ಸ್ಕ್ರೂ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು. ಹಲಗೆಯ ಮೇಲ್ಮೈಯಲ್ಲಿ ಒಳಗಿನ ಗಾಳಿಗೆ ದಾರಿ ಬಿಡುವ ಒಂದು ರಂಧ್ರ ಇರಲೇಬೇಕು, ಅದಕ್ಕೆ ರಬ್ಬರ್ ಉಂಗುರ ಹಾಕಿದ ಸ್ಕ್ರೂ. ಲೆಕ್ಕ ಹಾಕಿ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಚ್ಚಿದ ಹಲಗೆಯನ್ನು ಕಾರಿನ ಮೇಲೆ ಕಟ್ಟಿ ಮೇ ತಿಂಗಳ ಬಿಸಿಲಲ್ಲಿ ಬಿಟ್ಟಿರಿ, ಒಳಗಿನ ಗಾಳಿ 55 ಡಿಗ್ರಿಗೆ ಏರಿತು ಎನ್ನೋಣ. ಗಾಳಿಯ ಒತ್ತಡ ಏರುವುದು ಪರಮ ಉಷ್ಣತೆಯ ಅನುಪಾತದಲ್ಲಿ. 298 ಕೆಲ್ವಿನ್‌ನಿಂದ 328ಕ್ಕೆ ಹೋದರೆ ಶೇ 10ರಷ್ಟು ಏರಿಕೆ. ಶೇ 10 ಎಂದರೆ ಏನು ಮಹಾ ಅನ್ನಿಸಬಹುದು. ವಾತಾವರಣದ ಒತ್ತಡದ ಶೇ 10 ಎಂದರೆ ಒಂದು ಚದರ ಮೀಟರಿಗೆ ಸುಮಾರು ಒಂದು ಟನ್ ಭಾರ. 9 ಅಡಿ ಹಲಗೆಯ ಮೇಲ್ಮೈ 1.2 ಚದರ ಮೀಟರಿನ ಆಸುಪಾಸು. ಒಂದು ಟನ್ನಿಗೂ ಮಿಕ್ಕಿದ ಬಲ 6 ಮಿ.ಮೀ. ಹೊದಿಕೆಯನ್ನು ಒಳಗಿನಿಂದ ಕಿತ್ತೆಬ್ಬಿಸಲು ನಿಂತಿರುತ್ತದೆ. ಒಂದೋ ಹೊದಿಕೆ ಪಕ್ಕೆಲುಬಿನಿಂದ ಬಿಟ್ಟುಕೊಳ್ಳುತ್ತದೆ, ಇಲ್ಲವೇ ಅಂಚಿನ ಸಂದು ಬಾಯ್ಬಿಡುತ್ತದೆ. ಮುಚ್ಚಿಹೋದ ಖಾನೆ ಇರಬಾರದು ಎಂದದ್ದು ಇದೇ ಕಾರಣಕ್ಕೆ.

ತಿರುವುಮುರುವಾಗಿ ಆಗುವ ಅನಾಹುತ ಇನ್ನೂ ಕಳ್ಳತನದ್ದು. ಬಿಸಿಲಲ್ಲಿ ಕಾದ ಹಲಗೆಯನ್ನು ಸ್ಕ್ರೂ ಬಿಗಿದು ತಣ್ಣನೆಯ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಹೀರಲು ಶುರುಮಾಡುತ್ತದೆ. ಸೂಜಿಮೊನೆಯಷ್ಟು ಸಂದಿದ್ದರೂ ಅಲ್ಲಿಂದ ನೀರು ಒಳಗೆ ಹೋಗುತ್ತದೆ. ದಡದಲ್ಲಿದ್ದಾಗ ಸ್ಕ್ರೂ ಬಿಚ್ಚಿರಬೇಕು, ಹಲಗೆ ನೆರಳಲ್ಲಿ ತಣಿದ ಮೇಲೆ ಬಿಗಿದು ನೀರಿಗಿಳಿಯಬೇಕು. ಗಾಳಿ ಹೋಗಬಿಟ್ಟು ನೀರು ತಡೆಯುವ ಪೊರೆಯಿರುವ ಬಿರಡೆಗಳೂ ಈಗ ಸಿಗುತ್ತವೆ. ಮರೆವಿನವರಿಗೆ ಅದೇ ವಾಸಿ.

ಹೊರಗಿನ ಫೈಬರ್‌ಗ್ಲಾಸ್ ಕೆಲಸದಲ್ಲೂ ಕಾಡುವುದು ಇದೇ ಗಾಳಿ. ಬೆಳಗ್ಗೆ ಎಪಾಕ್ಸಿ ಹಚ್ಚಿದಿರೋ, ಹೊತ್ತೇರಿದಂತೆ ಮರ ಬಿಸಿಯಾಗಿ ಅದರ ರಂಧ್ರಗಳಿಂದ ಗಾಳಿ ಹೊರಟು ಹಸಿ ರೆಸಿನ್ ತುಂಬ ಗುಳ್ಳೆ. ಬಿಸಿಲು ಇಳಿಯತೊಡಗಿದ ಮೇಲೆ, ಸಂಜೆ ಹಚ್ಚಿದರೆ ಮರ ತಣಿಯುತ್ತ ರೆಸಿನ್‌ ಅನ್ನೇ ಒಳಕ್ಕೆಳೆದುಕೊಳ್ಳುತ್ತದೆ. ಚದರ ಮೀಟರಿಗೆ 135 ಗ್ರಾಂ ತೂಗುವ ತೆಳು ಬಟ್ಟೆ ಒಂದೇ ಪದರ ಸಾಕು; ಕಾಲೂರುವ ಮೇಲ್ಮೈಗೆ 200 ಗ್ರಾಂನದು. ಬಿಳಿ ಬಟ್ಟೆ ರೆಸಿನ್ ಕುಡಿದು ಗಾಜಿನಂತೆ ಪಾರದರ್ಶಕವಾಗುತ್ತ ಕೆಳಗಿನ ಮರದ ಗೆರೆಗಳೆಲ್ಲ ಜೇನುಬಣ್ಣದಲ್ಲಿ ಎದ್ದುಬರುವ ಆ ಹದಿನೈದು ನಿಮಿಷಕ್ಕಾಗಿ ಉಳಿದ ಗಂಟೆಗಳನ್ನೆಲ್ಲ ಸಹಿಸಿದವರಿದ್ದಾರೆ.

ಆರೋಗ್ಯದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ರೆಡ್ ಸೀಡರ್‌ನ ಧೂಳು ಬಡಗಿಗಳಿಗೆ ಉಬ್ಬಸ ತರಿಸುವುದಕ್ಕೆ ಕುಖ್ಯಾತ. ಎಪಾಕ್ಸಿ ಪದೇಪದೇ ಚರ್ಮಕ್ಕೆ ತಾಗಿದರೆ ಒಂದು ದಿನ ಅಲರ್ಜಿ ಶುರುವಾಗುತ್ತದೆ, ಶುರುವಾದದ್ದು ಬಹುಮಟ್ಟಿಗೆ ಜೀವಮಾನವಿಡೀ ಉಳಿಯುತ್ತದೆ. ಮುಖಗವಸು, ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಮರದ ಹಲಗೆ ಎಂದಾಕ್ಷಣ ‘ಪರಿಸರಸ್ನೇಹಿ’ ಎಂದು ಹಣೆಪಟ್ಟಿ ಹಚ್ಚುವವರಿಗೂ ಈ ಎಪಾಕ್ಸಿಯ ಡಬ್ಬ ತೋರಿಸಬೇಕು. ಫೋಮ್ ತಪ್ಪುತ್ತದೆ ನಿಜ. ರೆಸಿನ್ ಮತ್ತು ಗಾಜಿನ ಬಟ್ಟೆ ತಪ್ಪುವುದಿಲ್ಲ. ಹಲಗೆ ಇಪ್ಪತ್ತು ವರ್ಷ ಬಾಳಿದರೆ ಮಾತ್ರ ಆ ಹಣೆಪಟ್ಟಿಗೆ ಅರ್ಥ.

ನಮ್ಮ ಕರಾವಳಿಯಲ್ಲಿ ಸರ್ಫಿಂಗ್ ಈಗ ಹೊಸತೇನಲ್ಲ. ಮೂಲ್ಕಿಯಲ್ಲಿ 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್‌ನಿಂದ ಹಿಡಿದು ಕೋಡಿ ಬೆಂಗ್ರೆಯ ಶಾಕಾ ಸರ್ಫ್ ಕ್ಲಬ್‌ವರೆಗೆ ಕಲಿಸುವವರಿದ್ದಾರೆ. ಪಣಂಬೂರು, ಸಸಿಹಿತ್ಲು ತೀರಗಳಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳಾಗಿವೆ. ಇಲ್ಲಿ ಮನೆಯಲ್ಲಿ ಮರದ ಹಲಗೆ ಕಟ್ಟಹೊರಟರೆ ಎದುರಾಗುವ ಮೊದಲ ಪ್ರಶ್ನೆ ಮರ ಯಾವುದು ಎಂಬುದು. ರೆಡ್ ಸೀಡರ್ ಕೆನಡಾದಿಂದ ಬರಬೇಕು, ದುಬಾರಿ. ಆಸ್ಟ್ರೇಲಿಯಾದ ನೂಸಾದಲ್ಲಿ ಟಾಮ್ ವೆಗೆನರ್ ಎಂಬ ಕುಶಲಕರ್ಮಿ ಹಳೆಯ ಅಲಾಯಕ್ಕೆ ಮರುಜೀವ ಕೊಟ್ಟದ್ದು ಪಾಲೋನಿಯಾ ಮರದಿಂದ. ಘನ ಮೀಟರಿಗೆ 300 ಕೆ.ಜಿ.ಗೂ ಕಡಿಮೆ ತೂಗುವ, ನೀರು ಬೇಗ ಹೀರದ ಮರ ಅದು. ನಮ್ಮ ರೈತರ ಹೊಲಗಳಲ್ಲಿ ಬೆಳೆಯುವ ಹೆಬ್ಬೇವು ಅದಕ್ಕಿಂತ ತೂಕದ್ದಾದರೂ ಹೊದಿಕೆಗೆ ಪ್ರಯತ್ನಿಸಿ ನೋಡಬಹುದಾದದ್ದು. ವಿಲಿವಿಲಿಯ ದಾಯಾದಿ ಹಾಲುವಾಣ ಹಗುರವೇನೋ ಹೌದು, ಆದರೆ ಕುಟ್ಟೆ ಹುಳುವಿಗೆ ಅದರ ಮೇಲೆ ಬಲು ಪ್ರೀತಿ; ಹಲಗೆಯನ್ನು ಟೊಳ್ಳು ಮಾಡುವ ಕೆಲಸವನ್ನು ಅದು ಪುಕ್ಕಟೆಯಾಗಿ ಮಾಡಿಕೊಟ್ಟೀತು. ಚೌಕಟ್ಟಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ‘710’ ಎಂದು ಕೇಳಿದರೆ ಸಾಕು, ಭಾರತೀಯ ಮಾನಕ ಸಂಸ್ಥೆಯ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಕೊಡುತ್ತಾರೆ. ಅಂಟು ಗಟ್ಟಿ, ಆದರೆ ಪ್ಲೈ ಭಾರ. ಅದಕ್ಕೇ ತೂತುಗಳನ್ನು ಧಾರಾಳವಾಗಿ ಕೊರೆಯಬೇಕು.

ಎರಡನೆಯದು ಕಾಲ. ಕರಾವಳಿಯ ಮಳೆಗಾಲದಲ್ಲಿ ಅಂಟು ಹಾಕುವುದೆಂದರೆ ಕಷ್ಟವನ್ನು ಕರೆದು ಕೂರಿಸಿದಂತೆ. ಮರ ತೇವ ಹೀರಿ ಉಬ್ಬಿರುತ್ತದೆ. ಆ ಅಳತೆಯಲ್ಲಿ ಕಟ್ಟಿದ್ದು ಬೇಸಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಎಪಾಕ್ಸಿಯ ಮೇಲೆ ಜಿಡ್ಡುಜಿಡ್ಡಾದ ಬಿಳಿ ಪದರ ಕೂರುತ್ತದೆ, ಅದನ್ನು ನೀರಿನಿಂದ ತೊಳೆಯದೆ ಮುಂದಿನ ಪದರ ಹಚ್ಚಿದರೆ ಅದು ಹಿಡಿಯುವುದಿಲ್ಲ. ಆಷಾಢದಲ್ಲಿ ನಕ್ಷೆ ಬಿಡಿಸಿ, ಪ್ಲೈ ಕತ್ತರಿಸಿ ಇಟ್ಟುಕೊಳ್ಳಿ. ಅಂಟಿನ ಕೆಲಸವೆಲ್ಲ ದೀಪಾವಳಿ ಕಳೆದು ಶಿವರಾತ್ರಿಯ ಒಳಗೆ ಮುಗಿಯಲಿ.

ನೀರಿನ ಮೇಲೆ ಈ ಹಲಗೆಯ ನಡೆ ಬೇರೆ. ಮೂರ್ನಾಲ್ಕು ಕೆ.ಜಿ. ಹೆಚ್ಚಿನ ತೂಕ ಎಂದೆನಲ್ಲ, ಅದು ಹೊರುವಾಗ ಶಾಪ, ಅಲೆ ಹಿಡಿದ ಮೇಲೆ ವರ. ಒಮ್ಮೆ ವೇಗ ಪಡೆದರೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗಾಳಿಗೆ ಎದ್ದ ಸಣ್ಣ ತೆರೆಗಳ ಮೇಲೆ ಫೋಮ್ ಹಲಗೆ ಕುಣಿಯುವಲ್ಲಿ ಇದು ಅವುಗಳನ್ನು ಕೊಯ್ದುಕೊಂಡು ಹೋಗುತ್ತದೆ. ಚಕಚಕನೆ ತಿರುಗಿಸುವವರಿಗೆ, ಹಾರಿಸುವವರಿಗೆ ಇದು ಹೊಂದುವುದಿಲ್ಲ. ಮಳೆಗಾಲ ಕಳೆದ ಮೇಲೆ ನಮ್ಮ ತೀರದಲ್ಲಿ ಏಳುವ ಸೊಂಟದೆತ್ತರದ, ಸಾವಕಾಶದ ಅಲೆಗೆ ಉದ್ದನೆಯ ಮರದ ಹಲಗೆಗಿಂತ ತಕ್ಕದ್ದು ಇನ್ನೊಂದಿಲ್ಲ ಎಂಬುದು ನನ್ನ ಪಕ್ಷಪಾತ.

ಋತು ಮುಗಿದ ಮೇಲೆ ಹಲಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ. ಗುಳುಗುಳು ಎಂದರೆ ಎಲ್ಲೋ ಸಂದು ಬಿಟ್ಟಿದೆ ಎಂದೇ ಅರ್ಥ. ಸ್ಕ್ರೂ ಬಿಚ್ಚಿ, ರಂಧ್ರ ಕೆಳಗಾಗುವಂತೆ ಒರಗಿಸಿ ಉಪ್ಪುನೀರು ಬಸಿದು, ಒಂದಿಷ್ಟು ಸಿಹಿನೀರು ಹಾಕಿ ತೊಳೆದು, ನೆರಳಲ್ಲಿ ವಾರಗಟ್ಟಲೆ ಒಣಗಿಸಬೇಕು. ಸಂದು ಹುಡುಕುವುದಕ್ಕೆ ಪಂಕ್ಚರ್ ಅಂಗಡಿಯ ವಿದ್ಯೆಯೇ ಸಾಕು: ರಂಧ್ರಕ್ಕೊಂದು ಸಣ್ಣ ಟ್ಯೂಬ್ ಸಿಕ್ಕಿಸಿ, ಅಂಚುಗಳಿಗೆಲ್ಲ ಸೋಪಿನ ನೀರು ಬಳಿದು, ಬಾಯಿಂದ ಮೆಲ್ಲಗೆ ಊದಿ. ಗುಳ್ಳೆ ಎದ್ದಲ್ಲಿ ಪೆನ್ಸಿಲ್ ಗುರುತು, ಒಣಗಿದ ಮೇಲೆ ಎರಡು ಹನಿ ಎಪಾಕ್ಸಿ. ಉತ್ಸಾಹ ಹೆಚ್ಚಾಗಿ ಟೈರಿಗೆ ಗಾಳಿ ಹಿಡಿಯುವ ಕಂಪ್ರೆಸರ್ ಮಾತ್ರ ಹಚ್ಚಬೇಡಿ. ಒಂದು ಟನ್ನಿನ ಲೆಕ್ಕ ಅಲ್ಲಿಗೂ ಅನ್ವಯ, ನೂರು ಗಂಟೆಯ ಕೆಲಸ ಬಿಚ್ಚಿಕೊಳ್ಳಲು ಎರಡು ಸೆಕೆಂಡ್ ಸಾಕು.